ಬಡಿಸುವ ಕೈಗಳನ್ನು ಹೊರಗಿಡದಿರೋಣ

2012ರ ಆಗಸ್ಟ್‌ನಲ್ಲಿ, ಮುಸ್ಲಿಮರು ದಾಳಿ ಮಾಡುತ್ತಾರೆಂಬ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರಲ್ಲಿ ಹೊಟೇಲ್ ನೌಕರರೂ ಇದ್ದರು. ವದಂತಿ ಹಬ್ಬಿಸಿದವರ ಅಪರಾಧ ಘೋರವಾದುದು. ಆದರೆ ಜೊತೆಗೆ ದುಡಿದವರ ಅಭಯಕ್ಕಿಂತ ಅಪರಿಚಿತನ ಎಸ್ಸೆಮ್ಮೆಸ್ ಅವರಿಗೆ ನಂಬಲರ್ಹವಾಗಿ ಕಂಡದ್ದೇಕೆ? ಈ ಪ್ರಶ್ನೆ ನಮ್ಮೆಲ್ಲರದ್ದು.

ಶಿವಾಜಿನಗರದ ಬಿರಿಯಾನಿ ಹೊಟೇಲಾಗಲಿ, ಇಂದಿರಾನಗರದ ರೆಸ್ಟೋರೆಂಟಾಗಲಿ, ಭಾಷೆ ಬಾರದ ಹುಡುಗನನ್ನು ಹೆಸರಿನ ಬದಲು ಮುಖಚಹರೆಯಿಂದ ಕರೆದು, ಮಾತುಕತೆಯಿಂದಲೂ ಊಟದ ಪಂಕ್ತಿಯಿಂದಲೂ ದೂರವಿಟ್ಟರೆ ಆತ ಜಗಳವಾಡುವುದಿಲ್ಲ, ಮೌನಿಯಾಗುತ್ತಾನೆ. ತಪ್ಪನ್ನು ಮುಚ್ಚಿಡುತ್ತಾನೆ, ಗಿರಾಕಿಯ ಮುಂದೆ ನಿರ್ಲಿಪ್ತನಾಗುತ್ತಾನೆ, ಒಂದು ದಿನ ಹೇಳದೆ ಹೊರಟುಹೋಗುತ್ತಾನೆ. ನಾವು ಅದನ್ನು ಸೊಕ್ಕು ಎನ್ನುತ್ತೇವೆ. ವಾಸ್ತವದಲ್ಲಿ ಅದು ಗಾಯ.

ಮೂವರಿರುವಲ್ಲಿ ಒಬ್ಬನನ್ನು ಬಿಟ್ಟು ಇಬ್ಬರು ಪಿಸುಗುಟ್ಟಬಾರದು, ಅದು ಅವನನ್ನು ನೋಯಿಸುತ್ತದೆಂದು ಪ್ರವಾದಿ(ಸ) ಕಲಿಸಿದರು. ಸೇವಕರನ್ನು ಸಹೋದರರೆಂದು ಕರೆದು, ತಾವು ಉಣ್ಣುವುದನ್ನೇ ಅವರಿಗೂ ಉಣಿಸಬೇಕೆಂದು ಆದೇಶಿಸಿದರು. ಹೆಸರು ಕೇಳಿದೊಡನೆ ಬಾಡಿಗೆ ಮನೆ ನಿರಾಕರಿಸಲ್ಪಡುವ ನೋವನ್ನು ಅರಿತ ಸಮುದಾಯ ನಮ್ಮದು. ಅದೇ ನೋವು ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ದುಡಿಯುವವನಿಗೆ ಆಗಬಾರದು. ನ್ಯಾಯವನ್ನು ಕೇಳುವವರು ಮೊದಲು ಅದನ್ನು ತಮ್ಮ ಅಡುಗೆಮನೆಯಲ್ಲಿ ಪಾಲಿಸಬೇಕು.