ಬಿಂಬುಳಿ: ಚಟ್ನಿಗೆ ಬರಲಿ, ಲೋಟಕ್ಕೆ ಬೇಡ

ಉಡುಪಿ, ಕಾಪು, ಕಾರ್ಕಳ ಕಡೆಯ ಹಳೆಯ ಮನೆಗಳಲ್ಲಿ ಬಾವಿಕಟ್ಟೆಯ ಬಳಿಯಲ್ಲೋ ಬಚ್ಚಲ ನೀರು ಹರಿಯುವಲ್ಲೋ ಒಂದು ಬಿಂಬುಳಿ ಮರವಿರುವುದು ಸಾಮಾನ್ಯ. ಅದಕ್ಕೆ ಗೊಬ್ಬರ ಹಾಕುವವರಿಲ್ಲ, ಮದ್ದು ಹೊಡೆಯುವವರಿಲ್ಲ. ಆದರೂ ಕಾಂಡಕ್ಕೂ ಗೆಲ್ಲಿಗೂ ಅಂಟಿಕೊಂಡು ಗೊಂಚಲು ಗೊಂಚಲಾಗಿ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಕಾಯಿ ಬಿಡುತ್ತದೆ. ಮನೆಯವರು ಸಾರಿಗೋ ಮೀನಿನ ಪದಾರ್ಥಕ್ಕೋ ನಾಲ್ಕು ಕಾಯಿ ಕೊಯ್ಯುತ್ತಾರೆ. ಉಳಿದದ್ದು ಬುಡದಲ್ಲಿ ಬಿದ್ದು ಕೊಳೆಯುತ್ತದೆ. ಅದೇ ಮನೆಯವರು ಬಯಲುಸೀಮೆಯಿಂದ ಬಂದ ಹುಣಸೆಹುಳಿಯನ್ನು ಪೇಟೆಯಿಂದ ಹಣ ಕೊಟ್ಟು ತರುತ್ತಾರೆ.

ಇದು ಒಂದು ಬಗೆಯ ತಪ್ಪು. ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ದೊಡ್ಡದು. ಕೊಬ್ಬು ಕರಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಯಾರೋ ಹೇಳಿದ ಮಾತು ನಂಬಿ ಬಿಂಬುಳಿಯ ಹಸಿ ರಸವನ್ನು ಲೋಟಗಟ್ಟಲೆ ಕುಡಿಯುವುದು. ಬಿಂಬುಳಿ ಎಸೆಯುವ ವಸ್ತುವೂ ಅಲ್ಲ, ಮದ್ದೂ ಅಲ್ಲ. ಅದು ಊಟದ ಎಲೆಯ ತುದಿಯಲ್ಲಿರಬೇಕಾದ ವ್ಯಂಜನ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣವಿದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ. ನಮ್ಮ ಹಿರಿಯರು ಹಿತ್ತಾಳೆ ಪಾತ್ರೆ ಬೆಳಗಲು ಬಿಂಬುಳಿ ಬಳಸುತ್ತಿದ್ದುದು ಈ ಗುಣದಿಂದಲೇ. ಕಿಲುಬನ್ನು ಕರಗಿಸುವ ಈ ಆಮ್ಲ ದೇಹದಲ್ಲಿ ಸುಣ್ಣದ ಅಂಶದೊಡನೆ ಸೇರಿ ಹರಳಾಗುತ್ತದೆ. ಪ್ರಮಾಣ ಮಿತಿಮೀರಿದರೆ ಈ ಹರಳುಗಳು ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತವೆ. ನೆರೆಯ ಕೇರಳದಲ್ಲಿ ಇದನ್ನು ಇರುಂಬನ್ ಪುಳಿ ಎನ್ನುತ್ತಾರೆ. ಅಲ್ಲಿ ಇದರ ಹಸಿ ರಸ ಕುಡಿದು ಮೂತ್ರಪಿಂಡ ಕೆಟ್ಟ ಹತ್ತು ಮಂದಿಯ ವಿವರವನ್ನು ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಚಳಿದೇಶಗಳಲ್ಲಿ ರೂಬಾರ್ಬ್ ಎಂಬ ಹುಳಿ ದಂಟಿನ ಗಿಡವಿದೆ. ಅದರಲ್ಲಿಯೂ ಇದೇ ಆಮ್ಲವಿದೆ. ಅಲ್ಲಿನವರು ದಂಟನ್ನು ಮಾತ್ರ ಕತ್ತರಿಸಿ, ಸಕ್ಕರೆ ಮತ್ತು ವಿನೆಗರ್ ಹಾಕಿ ಬೇಯಿಸಿ ಚಟ್ನಿ ಮಾಡಿ ಬಾಟಲಿಯಲ್ಲಿಡುತ್ತಾರೆ, ಎಲೆಯನ್ನು ಮುಟ್ಟುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರದ ಕೊರತೆಯಿಂದ ಇಂಗ್ಲೆಂಡಿನಲ್ಲಿ ಎಲೆಯನ್ನೂ ತಿಂದು ಜನ ವಿಷಬಾಧೆಗೆ ತುತ್ತಾದದ್ದುಂಟು. ಚಟ್ನಿ ಎಂಬ ಮಾತನ್ನು ನಮ್ಮ ದೇಶದಿಂದ ಕೊಂಡೊಯ್ದವರು ತಮ್ಮ ಹಿತ್ತಲ ಹುಳಿಯನ್ನು ಹಿತಮಿತವಾಗಿ ಬಳಸಲು ಕಲಿತರು. ನಮ್ಮ ಹಿತ್ತಲ ಹುಳಿಯನ್ನು ನಾವೂ ಹಾಗೆಯೇ ಬಳಸಬೇಕು.

ಕಾಯಿತುರಿ, ಹಸಿಮೆಣಸು ಸೇರಿಸಿ ಅರೆದ ಬಿಂಬುಳಿ ಚಟ್ನಿ ಎಲ್ಲ ಗೃಹಿಣಿಯರಿಗೂ ಗೊತ್ತು. ಆದರೆ ಅದು ಒಂದು ದಿನದ ಮಾತು. ಮಳೆಗಾಲಕ್ಕೆ ಉಳಿಯುವಂಥದ್ದು ಬೆಲ್ಲ ಹಾಕಿ ಕಾಯಿಸಿದ ಚಟ್ನಿ. ಅದರ ಕ್ರಮ ಹೀಗಿದೆ.

ಬಲಿತರೂ ಗಟ್ಟಿಯಾಗಿರುವ ಹಸಿರು ಕಾಯಿ ಒಂದು ಕಿಲೋ ಆರಿಸಿಕೊಳ್ಳಿ. ನೆಲಕ್ಕೆ ಬಿದ್ದು ಜಜ್ಜಿದ್ದು ಬೇಡ. ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಲ್ಲೆಗಳಾಗಿ ಹೆಚ್ಚಿ. 50 ಗ್ರಾಂ ಉಪ್ಪು ಬೆರೆಸಿ ಗಾಜಿನ ಪಾತ್ರೆಯಲ್ಲೋ ಭರಣಿಯಲ್ಲೋ ಒಂದು ರಾತ್ರಿ ಇಡಿ. ಬೆಳಿಗ್ಗೆ ಬಿಟ್ಟುಕೊಂಡ ನೀರನ್ನು ಹಿಂಡಿ ತೆಗೆಯಿರಿ. ಈ ನೀರಿನೊಂದಿಗೆ ಆಮ್ಲದ ಒಂದಂಶ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಆ ನೀರು ದೀಪ ಬೆಳಗಲು ಆದೀತು, ಅಡುಗೆಗೆ ಬೇಡ.

750 ಗ್ರಾಂ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಕುದಿಯಲಿಡಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆಗಳು ಕೂಡದು. ಹುಳಿ ಅವುಗಳನ್ನು ತಿನ್ನುತ್ತದೆ. ಹಿಂಡಿದ ಬಿಲ್ಲೆಗಳನ್ನೂ ಸಣ್ಣಗೆ ಹೆಚ್ಚಿದ 50 ಗ್ರಾಂ ಶುಂಠಿಯನ್ನೂ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. 25 ಗ್ರಾಂ ಬ್ಯಾಡಗಿ ಮೆಣಸು, ಒಂದು ಚಮಚ ಸಾಸಿವೆ, ಅರ್ಧ ಚಮಚ ಮೆಂತೆ ಹುರಿದು ಪುಡಿ ಮಾಡಿ ಕೊನೆಗೆ ಬೆರೆಸಿ. ತಟ್ಟೆಗೆ ಒಂದು ತೊಟ್ಟು ಹಾಕಿದಾಗ ಸುತ್ತ ನೀರು ಒಡೆಯದಿದ್ದರೆ ಹದ ಬಂತೆಂದು ತಿಳಿಯಿರಿ.

ನಮ್ಮ ಕರಾವಳಿಯ ತೇವದ ಹವೆಯಲ್ಲಿ ದೊಡ್ಡ ಭರಣಿಯನ್ನು ಪದೇ ಪದೇ ತೆರೆದರೆ ಬೂಷ್ಟು ಬರುತ್ತದೆ. ಆದ್ದರಿಂದ ಸಣ್ಣ ಗಾಜಿನ ಬಾಟಲಿಗಳೇ ಲೇಸು. ಅವನ್ನು ಹದಿನೈದು ನಿಮಿಷ ನೀರಿನಲ್ಲಿ ಕುದಿಸಿ, ಒಣಗಿಸಿ, ಚಟ್ನಿ ಬಿಸಿಯಿರುವಾಗಲೇ ತುಂಬಿ ಮುಚ್ಚಬೇಕು. ಒದ್ದೆ ಚಮಚ ಹಾಕಬಾರದು. ಬೂಷ್ಟು ಕಂಡರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ತಿನ್ನುವ ಪದ್ಧತಿ ಒಳ್ಳೆಯದಲ್ಲ.

ಗಂಜಿ ಊಟಕ್ಕೆ ಒಂದೆರಡು ಚಮಚ ಬಡಿಸಿಕೊಂಡರೆ ಸಾಕು. ಮೂತ್ರಪಿಂಡದ ತೊಂದರೆ ಅಥವಾ ಕಲ್ಲಿನ ಬಾಧೆಯಿರುವವರು ಬಿಂಬುಳಿಯನ್ನು ಬಿಡುವುದೇ ಕ್ಷೇಮ. ಇದೇ ಕುಲದ ದಾರೆಹುಳಿಗೂ ಈ ಮಾತು ಸಲ್ಲುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಚಟ್ನಿ ಹಿತವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇದನ್ನು ಮಾರಬಹುದೇ ಎಂದು ಸ್ತ್ರೀಶಕ್ತಿ, ಸ್ವಸಹಾಯ ಗುಂಪಿನವರು ಕೇಳುವುದುಂಟು. ಮಾರಬಹುದು. ಆದರೆ 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಬೇಕು. ಬಾಟಲಿಯ ಮೇಲೆ ತಯಾರಿಸಿದ ದಿನಾಂಕ, ಬಳಸಿದ ವಸ್ತುಗಳ ವಿವರ ಇರಬೇಕು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಕೇಳುವುದು ಒಳ್ಳೆಯದು. ಆರೋಗ್ಯಕ್ಕೆ ದಿವ್ಯೌಷಧ ಎಂದು ಚೀಟಿ ಅಂಟಿಸುವ ಆಸೆಯನ್ನು ಮಾತ್ರ ಯಾರೂ ಇಟ್ಟುಕೊಳ್ಳಬಾರದು. ರುಚಿಯನ್ನು ಮಾರುವುದು ವ್ಯಾಪಾರ. ಸಲ್ಲದ ಗುಣ ಹೇಳಿ ಮಾರುವುದು ಮೋಸ.

ಒಂದು ಮರದ ಬಿಂಬುಳಿಯಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ತರಕಾರಿಗೆ ಬೆಲೆ ಏರುವ ಆಟಿ ತಿಂಗಳಲ್ಲಿ ಅಟ್ಟದ ಮೇಲೆ ನಾಲ್ಕು ಬಾಟಲಿ ಚಟ್ನಿ ಇದ್ದರೆ ಅಷ್ಟರಮಟ್ಟಿಗೆ ಪೇಟೆಯ ಖರ್ಚು ಉಳಿಯುತ್ತದೆ. ಈ ಸಲ ಕಾಯಿ ಬಿಟ್ಟಾಗ ಒಂದು ಕಿಲೋದಿಂದ ಆರಂಭಿಸಿ ನೋಡಿ. ನೆರೆಮನೆಯಲ್ಲಿ ರಸ ಕುಡಿಯುವವರಿದ್ದರೆ ಅವರಿಗೆ ಈ ವಿಷಯವನ್ನು ತಪ್ಪದೆ ತಿಳಿಸಿ.