ಕಾನೂನು ಬರಹವೂ ಅದನ್ನು ತಿದ್ದುವ ಅಧ್ಯಾಪಕರೂ

ನ್ಯಾಯಾಲಯದ ಬರಹ ಅರ್ಥವಾಗದೆಂಬ ದೂರು ಕಕ್ಷಿಗಾರರದು ಮಾತ್ರವೆಂದು ಬಹುಕಾಲ ಭಾವಿಸಲಾಗಿತ್ತು. 2022ರ ಆಗಸ್ಟ್ ತಿಂಗಳಲ್ಲಿ ಅದೇ ದೂರು ಸರ್ವೋಚ್ಚ ನ್ಯಾಯಾಲಯದಿಂದಲೇ ಬಂದಿತು. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ತೀರ್ಪೊಂದು ಓದಿದರೂ ತಿಳಿಯುವಂತಿಲ್ಲವೆಂದು ನ್ಯಾಯಮೂರ್ತಿಗಳಾದ ಡಿ. ವೈ. ಚಂದ್ರಚೂಡ್ ಮತ್ತು ಎ. ಎಸ್. ಬೋಪಣ್ಣ ಅವರ ಪೀಠ ಪ್ರಕರಣವನ್ನು ಹಿಂದಿರುಗಿಸಿತು. ವಿವಾದಾಂಶ, ನಿಯಮ, ಅನ್ವಯ, ನಿರ್ಣಯ ಎಂಬ ಕ್ರಮದಲ್ಲಿ ತೀರ್ಪು ಬರೆಯುವ ಬಗೆಯನ್ನೂ ವಿವರಿಸಿತು. ನ್ಯಾಯಾಧೀಶರೂ ಒಂದು ಕಾಲಕ್ಕೆ ವಿದ್ಯಾರ್ಥಿಗಳೇ. ಅವರ ಮೊದಲ ಕರಡುಗಳನ್ನು ಓದಿದವರು ಅಂಚಿನಲ್ಲಿ ಏನೆಂದು ಬರೆದಿದ್ದರು?

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಕರಡು ರಚನೆಯನ್ನು ಕಡ್ಡಾಯ ವಿಷಯವನ್ನಾಗಿ ಮಾಡಿವೆ. ದಾವೆ ಅರ್ಜಿಗಳ ಕರಡಿಗೆ 15 ಅಭ್ಯಾಸಗಳು, ಕ್ರಯಪತ್ರ ಮೊದಲಾದ ದಸ್ತಾವೇಜುಗಳಿಗೆ 15. ಒಂದೊಂದಕ್ಕೆ 3 ಅಂಕ. ಉಳಿದ 10 ಅಂಕ ಮೌಖಿಕ ಪರೀಕ್ಷೆಗೆ. ಅದೇ ನಿಯಮಗಳಂತೆ ತರಗತಿಯ ಒಂದು ವಿಭಾಗದಲ್ಲಿ 60 ಮಂದಿಯವರೆಗೆ ಇರಬಹುದು. ಒಟ್ಟು 1,800 ಕರಡುಗಳಾದವು. ಒಂದಕ್ಕೆ ಹತ್ತೇ ನಿಮಿಷ ಕೊಟ್ಟರೂ 300 ಗಂಟೆ ಬೇಕು. ಹೀಗಿರುವಾಗ ಹೊಸ ಅಧ್ಯಾಪಕನು ಮೂರಕ್ಕೆ ಎರಡೆಂದು ಬರೆದು ರುಜು ಹಾಕಿ ಕೊಟ್ಟರೆ ಆತನನ್ನು ಸೋಮಾರಿಯೆನ್ನಲಾಗದು. ವಿದ್ಯಾರ್ಥಿಯೂ ಹಿಂದಿನ ವರ್ಷದ ರೆಕಾರ್ಡನ್ನು ನಕಲು ಮಾಡಿದರೆ ಆಶ್ಚರ್ಯವೇನು?

ಆತನಿಗೆ ಈ ಕೆಲಸವನ್ನು ಕಲಿಸಿದವರಾದರೂ ಯಾರು? ಸ್ನಾತಕೋತ್ತರ ಪದವಿಯೊಡನೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೇ ಅಧ್ಯಾಪಕ ವೃತ್ತಿಗೆ ಸಾಮಾನ್ಯವಾದ ದಾರಿ. ಆ ಪರೀಕ್ಷೆ ಸರಿಯುತ್ತರವನ್ನು ಆರಿಸುವಂಥದು. ಅಲ್ಲಿ ಒಂದು ವಾಕ್ಯವನ್ನೂ ಬರೆಯಬೇಕಾದುದಿಲ್ಲ. ಪರರ ವಾಕ್ಯವನ್ನು ತಿದ್ದುವ ಮಾತಂತೂ ದೂರ.

ಗದ್ದೆಯ ಬದುವಿನ ವ್ಯಾಜ್ಯವೊಂದಕ್ಕೆ ವಿದ್ಯಾರ್ಥಿಯು ದಾವಾಪತ್ರ ಬರೆದನೆನ್ನೋಣ: ‘ಪ್ರತಿವಾದಿಯು ವಾದಿಗೆ ವಿನಾಕಾರಣ ತೊಂದರೆ ಕೊಡುತ್ತಿರುತ್ತಾನೆ.’ ಅನುಭವವಿಲ್ಲದ ಅಧ್ಯಾಪಕ ಕೆಂಪು ಮಸಿಯಲ್ಲಿ ಕಾಗುಣಿತ ತಿದ್ದಿ, ಬದಿಯಲ್ಲಿ ‘ಅಸ್ಪಷ್ಟ’ ಎಂದು ಬರೆಯುತ್ತಾನೆ. ಹುಡುಗ ‘ತೊಂದರೆ’ಯನ್ನು ‘ವಿಪರೀತ ತೊಂದರೆ’ ಮಾಡಿ ತರುತ್ತಾನೆ. ಬಲ್ಲ ಅಧ್ಯಾಪಕನಾದರೋ ಕೇಳುತ್ತಾನೆ: ಯಾವ ದಿನ? ಯಾವ ದಿಕ್ಕಿನ ಬದುವನ್ನು ಎಷ್ಟು ಕಡಿದ? ಇದನ್ನು ಓದಿದ ನ್ಯಾಯಾಧೀಶರು ಏತಕ್ಕೆ ತಡೆಯಾಜ್ಞೆ ಕೊಡಬೇಕು? ಇದು ಬರಿಯ ಶೈಲಿಯ ವಿಚಾರವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 2 ಮುಖ್ಯ ಸಂಗತಿಗಳನ್ನೇ ಬೇಡುತ್ತದೆ. ದಾವೆಗೆ ಕಾರಣವೇ ಕಾಣದ ದಾವಾಪತ್ರವನ್ನು ಆದೇಶ 7, ನಿಯಮ 11ರಂತೆ ತಿರಸ್ಕರಿಸಬೇಕಾಗುತ್ತದೆ. ಮತ್ತೆ ದಾವೆ ಹೂಡಲು ಅವಕಾಶವುಂಟು, ನಿಜ. ಅಷ್ಟರಲ್ಲಿ ಬದು ಉಳಿದಿರಬೇಕಲ್ಲ! ಇದನ್ನೆಲ್ಲ ಕಚೇರಿಯಲ್ಲಿ ಹಿರಿಯರ ಕೈಕೆಳಗೆ ಕಲಿತುಕೊಳ್ಳುತ್ತಾರೆಂಬ ವಾದವಿದೆ. ಆ ಕಲಿಕೆಯ ವೆಚ್ಚವನ್ನು ಕಕ್ಷಿಗಾರನು ತೆರುತ್ತಾನೆಂಬುದನ್ನು ವಾದಿಸುವವರು ಹೇಳುವುದಿಲ್ಲ.

ಅಮೆರಿಕದ ಕಾನೂನು ಶಾಲೆಗಳಲ್ಲಿ ಬರವಣಿಗೆಯ ಬೋಧನೆ ಪ್ರತ್ಯೇಕ ವೃತ್ತಿಯಾಗಿಯೇ ಬೆಳೆದಿದೆ. ಅಲ್ಲಿನ ಅಧ್ಯಾಪಕರ ಸಂಸ್ಥೆಯೊಂದು 1984ರಿಂದ ನಡೆಯುತ್ತಿದೆ. ಮೊದಲ ವರ್ಷದ ವಿದ್ಯಾರ್ಥಿಯನ್ನು ಅಧ್ಯಾಪಕನು ಪ್ರತ್ಯೇಕವಾಗಿ ಕರೆದು, ಎದುರಿಗೆ ಕರಡನ್ನಿಟ್ಟುಕೊಂಡು ಮಾತನಾಡುವುದು, ಆಮೇಲೆ ಮತ್ತೊಮ್ಮೆ ಬರೆಸುವುದು ಅಲ್ಲಿ ರೂಢಿ. ಅದನ್ನು ಇದ್ದಂತೆಯೇ ಇಲ್ಲಿಗೆ ತರುವುದು ಸಾಧ್ಯವಿಲ್ಲ. ಆದರೆ ಒಂದೇ ಕರಡಿನ ಪ್ರತಿಗಳನ್ನು ಐದಾರು ಹೊಸ ಅಧ್ಯಾಪಕರಿಗೆ ಹಂಚಿ, ಬೇರೆಬೇರೆಯಾಗಿ ತಿದ್ದಿಸಿ, ಬಳಿಕ ಒಟ್ಟಿಗೆ ಕೂಡಿಸಿ ತಿದ್ದುಪಡಿಗಳನ್ನು ಹೋಲಿಸಲು ಹಣವೇನೂ ಬೇಕಿಲ್ಲ. ಒಬ್ಬನು ಹದಿನೆಂಟು ತಪ್ಪು ಹಿಡಿದಿರುತ್ತಾನೆ, ಇನ್ನೊಬ್ಬನು ಮೂರು. ಯಾವುದನ್ನು ಓದಿ ವಿದ್ಯಾರ್ಥಿ ಕರಡನ್ನು ನೆಟ್ಟಗೆ ಮಾಡಬಲ್ಲನೆಂಬುದು ಅಲ್ಲಿಯೇ ತಿಳಿದೀತು. ಮೂವತ್ತರಲ್ಲಿ ನಾಲ್ಕು ಅಭ್ಯಾಸಗಳನ್ನಾದರೂ ಅಂಕ ಹಾಕುವ ಮೊದಲು ಮರಳಿ ಬರೆಸಬೇಕು. ಉಳಿದವು ಚಿಕ್ಕವಾಗಿದ್ದರೆ ಅಡ್ಡಿಯಿಲ್ಲ.

ಉಪನ್ಯಾಸದ ಗಂಟೆಗಳಂತೆ ಕರಡು ಓದುವ ಗಂಟೆಗಳನ್ನೂ ಕಾಲೇಜುಗಳು ಕಾರ್ಯಭಾರದ ಲೆಕ್ಕಕ್ಕೆ ಸೇರಿಸಬೇಕು. ಅದಿಲ್ಲದೆ ತರಬೇತಿ ಶಿಬಿರವನ್ನಷ್ಟೇ ಏರ್ಪಡಿಸಿದರೆ, ಶಿಬಿರ ಮುಗಿದ ಮರುದಿನವೇ ಆತನು ಮತ್ತೆ ಮೂರಕ್ಕೆ ಎರಡೆಂದು ಬರೆಯತೊಡಗುವನು.