ಮಣ್ಣಿನ ಮೋಟಾರ್ ಸೈಕಲ್ಲಿಗೆ ರಸ್ತೆಯ ವೇಷ ತರವೇ?

ಹಳೆಯ ಯಂತ್ರವೊಂದನ್ನು ಎಸೆಯದೆ ಮತ್ತೆ ಬಳಕೆಗೆ ತರಬೇಕೆಂಬ ಆಸೆ ಮೆಚ್ಚತಕ್ಕದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಸುತ್ತಣ ಹಳ್ಳಿಗಳಲ್ಲಾಗಲಿ, ಸಕಲೇಶಪುರದ ಕಾಫಿ ತೋಟಗಳಲ್ಲಾಗಲಿ, ಮಣ್ಣಿನ ದಾರಿಯಲ್ಲಿ ಕುಣಿದು ದಣಿದ ಮೋಟಾರ್ ಸೈಕಲ್ಲೊಂದು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದರೆ, ಯಂತ್ರಪ್ರಿಯನಾದ ವಿದ್ಯಾರ್ಥಿಗೆ ಒಂದು ಯೋಚನೆ ಹುಟ್ಟುವುದು ಸಹಜ. ದೀಪ, ಹಾರನ್ನು, ಕನ್ನಡಿಗಳನ್ನು ಜೋಡಿಸಿ ಇದರಲ್ಲೇ ಹಾಸನದ ಕಾಲೇಜಿಗೆ ಹೋಗಬಾರದೇಕೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ಆ ಯಂತ್ರ ಹುಟ್ಟಿದ್ದು ಯಾವುದಕ್ಕಾಗಿ?

ಮಣ್ಣಿನ ಮೋಟಾರ್ ಸೈಕಲ್ಲುಗಳಲ್ಲಿ ಎರಡು ಜಾತಿ. ಒಂದು, ಕಾರ್ಖಾನೆಯಿಂದಲೇ ಸ್ಪರ್ಧೆಗಾಗಿ ಹೊರಬಿದ್ದು, ಎಂದೂ ನೋಂದಣಿಯಾಗದ್ದು. ಇನ್ನೊಂದು, ರಸ್ತೆಗೆಂದೇ ತಯಾರಾಗಿ, ಅನಂತರ ಯಾರದೋ ಕೈಯಲ್ಲಿ ದೀಪ, ಮಡ್‌ಗಾರ್ಡ್, ಸೈಲೆನ್ಸರುಗಳನ್ನು ಕಳೆದುಕೊಂಡು ಮಣ್ಣಿಗಿಳಿದದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರ ವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಹೀಗೆ ವೇಷ ಬದಲಿಸಿದ್ದರೆ ಅವು ಈ ಎರಡನೆಯ ಜಾತಿಗೆ ಸೇರುತ್ತವೆ. ಹೊರನೋಟಕ್ಕೆ ಎರಡೂ ಒಂದೇ ಆದರೂ ನಮ್ಮ ತೀರ್ಮಾನ ಒಂದೇ ಆಗಲಾರದು.

ಮೊದಲು ಟೈರನ್ನು ನೋಡೋಣ. ಮಣ್ಣಿನ ಟೈರಿನಲ್ಲಿ ರಬ್ಬರಿನ ಎತ್ತರವಾದ ಗುಬಟುಗಳಿರುತ್ತವೆ. ಅವು ಸಡಿಲ ನೆಲವನ್ನು ಅಗೆದು ಹಿಡಿಯುತ್ತವೆ. ಟಾರು ರಸ್ತೆಯಲ್ಲಿ ಅಗೆಯಲು ಮಣ್ಣಿಲ್ಲ. ಗುಬಟುಗಳ ತುದಿ ಮಾತ್ರ ನೆಲಕ್ಕೆ ತಾಗಿ, ಬ್ರೇಕು ಹಾಕಿದಾಗ ಬಾಗಿ ಬಳುಕುತ್ತದೆ. ಘರ್ಷಣೆಯು ತಾಗುವ ಮೈಯ ವಿಸ್ತಾರವನ್ನು ಅವಲಂಬಿಸಿಲ್ಲವೆಂದು ಶಾಲೆಯ ಪಾಠದಲ್ಲಿ ಓದಿದ್ದೀರಿ. ಆ ನಿಯಮ ಗಟ್ಟಿ ವಸ್ತುಗಳಿಗೆ ಒಪ್ಪುತ್ತದೆ. ಮೆತ್ತಗಿನ ರಬ್ಬರು ಅದಕ್ಕೆ ಪೂರ್ತಿ ಬದ್ಧವಲ್ಲ.

ಇದರ ಫಲವನ್ನು ಲೆಕ್ಕದಿಂದಲೇ ಅರಿಯಬಹುದು. ಗಂಟೆಗೆ ೬೦ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು ೧೬.೭ ಮೀಟರ್. ಘರ್ಷಣಾಂಕವು ೦.೭ ಇದ್ದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಸುಮಾರು ೨೦ ಮೀಟರ್ ಬೇಕು. ಅದೇ ೦.೪ಕ್ಕೆ ಇಳಿದರೆ ೩೫ ಮೀಟರ್ ಬೇಕು. ಸವಾರನು ಅಪಾಯವನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ತಡವಾದರೂ ಇನ್ನು ೧೭ ಮೀಟರ್ ಸೇರುತ್ತದೆ. ಆಲೂಗೆಡ್ಡೆಯ ಹೊಲದಿಂದ ರಸ್ತೆಗೇರಿದ ಟ್ರಾಕ್ಟರು ಮಳೆಗಾಲದಲ್ಲಿ ಕೆಸರು ಚೆಲ್ಲಿಹೋದ ತಿರುವಿನಲ್ಲಿ ಈ ೧೫ ಮೀಟರುಗಳ ವ್ಯತ್ಯಾಸವೇ ಒಬ್ಬ ಪಾದಚಾರಿಯ ಪ್ರಾಣವಾಗಬಹುದು.

ಎರಡನೆಯದು ವಿದ್ಯುತ್ತು. ಎಷ್ಟೋ ಸ್ಪರ್ಧಾಯಂತ್ರಗಳ ಮ್ಯಾಗ್ನೆಟೋ ಕಿಡಿಗೆ ಬೇಕಾದಷ್ಟನ್ನು ಮಾತ್ರ ಉತ್ಪಾದಿಸುತ್ತದೆ. ಮುಂದಿನ ದೀಪಕ್ಕೆ ೩೫ ವ್ಯಾಟ್, ಹಿಂದಿನದಕ್ಕೆ ೫, ಬ್ರೇಕಿನ ದೀಪಕ್ಕೆ ೨೧, ತಿರುವನ್ನು ಸೂಚಿಸುವ ಎರಡು ದೀಪಗಳಿಗೆ ೨೦ ಎಂದು ಹಿಡಿದರೆ ಒಟ್ಟು ೮೧ ವ್ಯಾಟ್ ಆಯಿತು. ಎಲ್‌ಇಡಿ ದೀಪಗಳಿಂದ ಈ ಹೊರೆ ತಗ್ಗುವುದು ನಿಜ; ಆದರೂ ಹೊಸ ಸುರುಳಿ, ಬ್ಯಾಟರಿ, ನಿಯಂತ್ರಕಗಳಿಲ್ಲದೆ ಸಾಗದು.

ಮೂರನೆಯದು ಹಲ್ಲುಚಕ್ರ. ಎಂಜಿನ್ನಿನ ಕಡೆ ೧೫, ಹಿಂಗಾಲಿಯಲ್ಲಿ ೪೫ ಹಲ್ಲುಗಳಿದ್ದಲ್ಲಿ, ಏರು ಹತ್ತಲೆಂದು ಹಿಂದಿನದನ್ನು ೫೧ಕ್ಕೆ ಏರಿಸಿದ್ದರೆ, ಅದೇ ವೇಗಕ್ಕೆ ಎಂಜಿನ್ನು ನೂರಕ್ಕೆ ಹದಿಮೂರು ಪಾಲು ಹೆಚ್ಚು ಸುತ್ತಬೇಕು. ಏರಿನಲ್ಲಿ ಗುಣವಾದದ್ದು ಹೆದ್ದಾರಿಯಲ್ಲಿ ಕಾವು, ಸವೆತ, ಪೆಟ್ರೋಲಿನ ವೆಚ್ಚಗಳಾಗುತ್ತದೆ.

ಇಷ್ಟನ್ನೂ ಜಾಣನಾದ ಮೆಕ್ಯಾನಿಕ್ಕನು ಸರಿಪಡಿಸಬಲ್ಲನೆಂದು ಒಪ್ಪೋಣ. ಆಗಲೂ ಕಾನೂನು ನಮ್ಮ ಮುಂದೆ ನಿಲ್ಲುತ್ತದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕನು ಮೊದಲು ಸೂಚಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಸದ ಒಂದೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಿದೆ. ಮಾದರಿಯ ಪರೀಕ್ಷೆಯೇ ಆಗದ ಸ್ಪರ್ಧಾಯಂತ್ರವಂತೂ ನೋಂದಣಿಯ ಬಾಗಿಲನ್ನೇ ದಾಟಲಾರದು. ನೋಂದಣಿಯಿಲ್ಲದೆ ವಿಮೆಯ ಆಸರೆಯೂ ಇಲ್ಲ. ದಾರಿಹೋಕನಿಗೆ ಪೆಟ್ಟಾದರೆ ಪರಿಹಾರದ ಭಾರ ಮಾಲೀಕನ ಮನೆಯ ಮೇಲೆಯೇ ಬೀಳುತ್ತದೆ. ಮಗನ ಹವ್ಯಾಸಕ್ಕೆ ತಂದೆಯ ಹೊಲ ಮಾರಾಟವಾಗುವುದು ಯಾರಿಗೂ ಬೇಡ.

“ಹಾಗಾದರೆ ಕೈಕೆಲಸ ಕಲಿಯುವುದೇ ತಪ್ಪೇ? ಬಡವನು ಹೊಸ ಗಾಡಿಯನ್ನೇ ಕೊಳ್ಳಬೇಕೇ?” ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಹುರುಳಿದೆ. ಎಂಜಿನ್ನನ್ನು ಬಿಚ್ಚಿ ಜೋಡಿಸಿದವನಿಗೆ ಉಷ್ಣಗತಿಶಾಸ್ತ್ರವು ಪುಸ್ತಕದ ಹುಳುವಿಗಿಂತ ಬೇಗ ಒಲಿಯುತ್ತದೆ. ಕಾನೂನು ತಡೆಯುವುದು ದುರಸ್ತಿಯನ್ನಲ್ಲ, ಮಾರ್ಪಾಡನ್ನು. ಆದುದರಿಂದ ಎರಡನೆಯ ಜಾತಿಯ ಗಾಡಿ ನಿಮ್ಮದಾಗಿದ್ದರೆ ಧೈರ್ಯದಿಂದ ಕೈಹಾಕಿರಿ. ನೋಂದಣಿ ಪತ್ರ ನಿಮ್ಮಲ್ಲಿದೆಯೇ, ಚಾಸಿಯ ಮತ್ತು ಎಂಜಿನ್ನಿನ ಸಂಖ್ಯೆಗಳು ಅದಕ್ಕೆ ಹೊಂದುತ್ತವೆಯೇ ಎಂದು ಮೊದಲು ನೋಡಿರಿ. ಹದಿನೈದು ವರ್ಷ ಕಳೆದಿದ್ದರೆ ತಪಾಸಣೆಯಾದ ಮೇಲೆ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸುವ ಅವಕಾಶವಿದೆ. ಬಳಿಕ ದೀಪ, ಸೈಲೆನ್ಸರು, ಹಲ್ಲುಚಕ್ರ, ಟೈರುಗಳನ್ನು ಕಾರ್ಖಾನೆ ಕೊಟ್ಟಿದ್ದ ಅಳತೆಗೇ ಮರಳಿಸಿರಿ. ಮಾರ್ಪಾಡು ಮಾಡಿದವನಿಗಿಂತ ಮೂಲಸ್ಥಿತಿಗೆ ತಂದವನು ಹೆಚ್ಚು ಕಲಿಯುತ್ತಾನೆ. ಏಕೆಂದರೆ ಆ ಭಾಗ ಅಲ್ಲೇ ಏಕಿತ್ತೆಂಬುದನ್ನು ಅವನು ತಿಳಿಯಲೇಬೇಕಾಗುತ್ತದೆ.

ಮೊದಲನೆಯ ಜಾತಿಯದಾದರೆ ನನ್ನ ಅಭಿಪ್ರಾಯ ಅಷ್ಟೇ ಸ್ಪಷ್ಟ: ಬೇಡ. ಅದನ್ನು ಮಾರುವ ಅಗತ್ಯವಿಲ್ಲ, ಗುಜರಿಗೆ ಹಾಕುವ ಅಗತ್ಯವೂ ಇಲ್ಲ. ಸ್ವಂತ ತೋಟದ ದಾರಿಯಲ್ಲಿ ಹೆಲ್ಮೆಟ್ಟು ಧರಿಸಿ ಓಡಿಸಬಹುದು. ಸ್ಪರ್ಧೆಯ ಅಂಗಳಕ್ಕೆ ವ್ಯಾನಿನಲ್ಲಿ ಒಯ್ಯಬಹುದು. ಕಾಲೇಜಿನ ಕಮ್ಮಟಕ್ಕೆ ಕೊಟ್ಟರೆ ಹತ್ತು ಜನ ಕಲಿಯುವರು. ಮಣ್ಣು, ಟಾರು ಎರಡೂ ಬೇಕೆನ್ನುವವರಿಗೆ ಎರಡಕ್ಕೂ ಒಗ್ಗುವಂತೆ ಕಾರ್ಖಾನೆಯೇ ರೂಪಿಸಿ, ಪರೀಕ್ಷೆಗೆ ಒಳಪಡಿಸಿದ ಗಾಡಿಗಳಿವೆ.

ಯಂತ್ರವನ್ನು ಪ್ರೀತಿಸುವುದೆಂದರೆ ಅದರ ಶಕ್ತಿಯಷ್ಟೇ ಅದರ ಮಿತಿಯನ್ನೂ ಅರಿಯುವುದು. ಗುದ್ದಲಿಗೆ ಹೊಲವಿದೆ, ದೋಣಿಗೆ ಹೊಳೆಯಿದೆ. ಮಣ್ಣಿಗೆಂದೇ ಹುಟ್ಟಿದ ಗಾಡಿಯನ್ನು ಮಣ್ಣಿನಲ್ಲೇ ಬಿಡುವುದು ಸೋಲಲ್ಲ, ವಿವೇಕ.